ಸೊಂಟಕ್ಕೂ ಸೈ, ಮಂಚಕ್ಕೂ ಸೈ

ನಮ್ಮ ಯಜಮಾನರಿಗೆ ಈಗ ಪಿಸ್ತೂಲು ಬೇಕಂತೆ. ಎರಡಲ್ಲ, ಒಂದೇ ಒಂದು. ಹಗಲು ಹೊರಗೆ ಹೋದಾಗ ಅದು ಅಂಗಿಯೊಳಗೆ ಯಾರ ಕಣ್ಣಿಗೂ ಬೀಳದಂತೆ ಸೊಂಟದಲ್ಲಿರಬೇಕು, ರಾತ್ರಿ ಕಳ್ಳ ಬಂದರೆ ಅದೇ ಮಂಚದ ಪಕ್ಕದಲ್ಲಿದ್ದು ಮನೆ ಕಾಯಬೇಕು. ಮದುವೆಗೂ ಗದ್ದೆಗೂ ಒಂದೇ ಪಂಚೆ ಸಾಕು ಅನ್ನುವ ಲೆಕ್ಕ. ಟೆಕ್ಸಸ್‌ಗೆ ಬಂದು ಇಷ್ಟು ಕಾಲವಾದರೂ, ಎರಡು ಕೊಂಡರೆ ದುಡ್ಡು ದಂಡ ಎಂಬ ಮೈಸೂರು ಬುದ್ಧಿ ಬಿಟ್ಟು ಹೋಗಿಲ್ಲ ನೋಡಿ.

ಈ ಮಹಾನುಭಾವರಿಗೂ ಆಯುಧಕ್ಕೂ ಇದ್ದ ಸಂಬಂಧವೆಂದರೆ ಚಿಕ್ಕಂದಿನಲ್ಲಿ ದೀಪಾವಳಿಗೆ ರೋಲ್ ಪಟಾಕಿ ಹಾಕಿ ಹೊಡೆಯುತ್ತಿದ್ದ ತಗಡಿನ ಪಿಸ್ತೂಲು ಮಾತ್ರ. ಬಚ್ಚಲಲ್ಲಿ ಜಿರಲೆ ಕಂಡರೆ ಇವತ್ತಿಗೂ "ಲೇ, ಸ್ವಲ್ಪ ಬಾರೇ ಇಲ್ಲಿ" ಅಂತ ನನ್ನನ್ನೇ ಕೂಗುತ್ತಾರೆ. ಎಚ್-1ಬಿ ವೀಸಾದಲ್ಲಿ ಇದ್ದಷ್ಟು ದಿನ ಈ ಆಸೆ ತಲೆ ಎತ್ತುವ ಹಾಗೆಯೇ ಇರಲಿಲ್ಲ. ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳಕೂಡದು ಅನ್ನುತ್ತದೆ ಅಮೆರಿಕದ ಕೇಂದ್ರ ಕಾನೂನು. ಅದರಲ್ಲೂ ಒಂದು ಕಿಂಡಿಯುಂಟು: ಬೇಟೆಯ ಲೈಸೆನ್ಸ್ ಇದ್ದರೆ ಇಟ್ಟುಕೊಳ್ಳಬಹುದು. ಏಕಾದಶಿಗೆ ಉಪವಾಸ ಮಾಡುವ ಸಾಫ್ಟ್‌ವೇರ್ ಇಂಜಿನಿಯರ್ ಬೇಟೆಯ ಲೈಸೆನ್ಸಿಗೆ ಅರ್ಜಿ ಹಾಕಿದ್ದರೆ ಅತ್ತೆಯವರು ಮೈಸೂರಿನಲ್ಲೇ ಎದೆ ಹಿಡಿದುಕೊಳ್ಳುತ್ತಿದ್ದರು. ಗ್ರೀನ್ ಕಾರ್ಡ್ ಬಂತು, ಬಾಗಿಲು ತೆರೆಯಿತು. ಟೆಕ್ಸಸ್‌ನಲ್ಲಂತೂ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿದವರು, ಕಾನೂನಿನ ಬೇರೆ ತಡೆ ಇಲ್ಲದಿದ್ದರೆ, ಯಾವ ಪರವಾನಗಿಯೂ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಕೆರೆಯಲ್ಲಿ ಮೀನು ಹಿಡಿಯುವುದಕ್ಕೆ ಇಲ್ಲಿ ಲೈಸೆನ್ಸ್ ಬೇಕು, ಇದಕ್ಕೆ ಬೇಡ. ನಾನು ನಕ್ಕರೆ "ನಿನಗೆ ಸಂವಿಧಾನ ಗೊತ್ತಿಲ್ಲ" ಅನ್ನುತ್ತಾರೆ.

ಅಂಗಡಿಗೆ ನಾನೂ ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಕರಿಯವು ಸಾಲಾಗಿ ಮಲಗಿವೆ, ದೂರದಿಂದ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂಗಡಿಯವನು ಒಳ್ಳೆಯ ಮನುಷ್ಯ, ಮಾತುಗಾರ. ಎರಡು ಕೆಲಸಕ್ಕೂ ಒಂದೇ ಬೇಕು ಅಂದಾಗ ಅವನ ಮುಖದಲ್ಲಿ ಒಂದು ನಗೆ ಬಂತು, ವರದಕ್ಷಿಣೆ ಬೇಡ ಆದರೆ ಕಾರು ಕೊಡಿ ಅನ್ನುವ ವರನ ತಂದೆಯನ್ನು ದಲ್ಲಾಳಿ ನೋಡುವ ನಗೆ. ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದ. ಬಚ್ಚಿಡಲು ಚಿಕ್ಕದು ಚೆನ್ನ, ಹೊಡೆಯಲು ದೊಡ್ಡದು ಚೆನ್ನ. ಚಿಕ್ಕದು ಹಗುರ, ಹಾಗಾಗಿ ಅದೇ ಗುಂಡು ಹಾರಿಸಿದರೂ ಕೈಗೆ ಹೆಚ್ಚು ಒದೆಯುತ್ತದೆ. ಹಿಡಿ ಗಿಡ್ಡ, ಕಿರುಬೆರಳಿಗೆ ಜಾಗವಿಲ್ಲದೆ ಗಾಳಿಯಲ್ಲಿ ನೇತಾಡುತ್ತದೆ. ನಳಿಕೆಯೂ ಗಿಡ್ಡ, ಗುರಿ ಹಿಡಿಯುವ ಎರಡು ಗುರುತುಗಳ ನಡುವಿನ ಅಂತರ ಕಡಿಮೆ, ಕೈ ಒಂದಿಷ್ಟು ಅಲುಗಿದರೂ ಗುಂಡು ಎಲ್ಲೋ ಹೋಗುತ್ತದೆ. ದೊಡ್ಡದರಲ್ಲಿ ಇದ್ಯಾವುದೂ ಇಲ್ಲ, ಆದರೆ ಅದನ್ನು ಸೊಂಟಕ್ಕೆ ಸಿಕ್ಕಿಸಿದರೆ ಅಂಗಿಯೇ ಊರಿಗೆಲ್ಲ ಸಾರುತ್ತದೆ.

ಅಮೆರಿಕದ ಸೈನ್ಯ 1985ರವರೆಗೂ ನೆಚ್ಚಿಕೊಂಡಿದ್ದ ಬ್ರೌನಿಂಗ್ ಮಹಾಶಯನ 1911 ಪಿಸ್ತೂಲನ್ನು ಮೊದಲು ಎತ್ತಿ ಕೊಟ್ಟ. ಖಾಲಿ ಇದ್ದರೂ ಒಂದು ಕಿಲೋಗಿಂತ ಹೆಚ್ಚು ತೂಕ. ನಮ್ಮವರು ಅದನ್ನು ಹಿಡಿದು ಒಂದು ಗಳಿಗೆ ಸಿನಿಮಾ ನಾಯಕರಾದರು, ಮರುಗಳಿಗೆ ಮಣಿಕಟ್ಟು ಉಜ್ಜಿಕೊಂಡರು. ಅದರ ಪಕ್ಕದಲ್ಲಿ ಸಿಗ್ ಸೌವರ್ ಕಂಪನಿ 2018ರಲ್ಲಿ ತಂದ ಪಿ365: ಅಂಗೈಯಷ್ಟು, ಸುಮಾರು ಅರ್ಧ ಕಿಲೋ, ಹತ್ತು ಗುಂಡು. ಹೆಸರಿನಲ್ಲೇ 365 ಇದೆ, ವರ್ಷವಿಡೀ ಮೈಮೇಲೆ ಇರಲಿ ಅಂತ. ಇವೆರಡರ ನಡುವೆ ಗ್ಲಾಕ್ 19. ಗಾಸ್ಟನ್ ಗ್ಲಾಕ್ ಎಂಬ ಆಸ್ಟ್ರಿಯಾದವನು ಪರದೆ ಕಂಬಿ, ಚಾಕು ಮಾಡಿಕೊಂಡಿದ್ದವನು, ಪಿಸ್ತೂಲು ಮಾಡಲು ಹೊರಟು 1982ರಲ್ಲಿ ತನ್ನ ದೇಶದ ಸೈನ್ಯವನ್ನೇ ಗಿರಾಕಿ ಮಾಡಿಕೊಂಡ. ಸೈನ್ಯ ಕೊಂಡ ಆ ದೊಡ್ಡಣ್ಣ ಗ್ಲಾಕ್ 17ರ ತಮ್ಮ ಈ 19, ಬಂದದ್ದು 1988ರಲ್ಲಿ. ಸುಮಾರು 600 ಗ್ರಾಂ, ಹದಿನೈದು ಗುಂಡು. ಎರಡಕ್ಕೂ ಒಂದೇ ಬೇಕು ಅನ್ನುವವರಿಗೆ ಅಂಗಡಿಯವರು ಮೂವತ್ತು ವರ್ಷಕ್ಕೂ ಮೀರಿ ಇದನ್ನೇ ತೋರಿಸುತ್ತ ಬಂದಿದ್ದಾರಂತೆ. ಸೊಂಟಕ್ಕೆ ಸ್ವಲ್ಪ ದೊಡ್ಡದು, ಮನೆಗೆ ಸ್ವಲ್ಪ ಚಿಕ್ಕದು. ಎರಡೂ ಕಡೆ ಸ್ವಲ್ಪ ಸ್ವಲ್ಪ ತಪ್ಪಿಸಿಕೊಳ್ಳುವ ಗುಣದಿಂದಲೇ ಅದಕ್ಕೆ ಇಷ್ಟು ಹೆಸರು.

ನಮ್ಮವರು ಅಲ್ಲಿಗೆ ಬಿಡುತ್ತಾರೆಯೇ? ರಾತ್ರಿಯಿಡೀ ವಿಡಿಯೊ ನೋಡಿ ಬಂದವರು. "9 ಎಂಎಂ ಸಾಕಾಗುತ್ತಾ? .45 ಬೇಡ್ವಾ?" ಅಂತ ಗುಂಡಿನ ಅಳತೆಯ ಮಾತು ಶುರು ಮಾಡಿದರು. ಅಂಗಡಿಯವನಿಗೂ ಇದು ಇಷ್ಟದ ಪುರಾಣ, ಕುರ್ಚಿ ಎಳೆದುಕೊಂಡ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐಯವರಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗವಾಯಿತು. ಇಬ್ಬರು ಏಜೆಂಟರು ಸತ್ತರು. ದರೋಡೆಕೋರನೊಬ್ಬನಿಗೆ ಬಿದ್ದ 9 ಎಂಎಂ ಗುಂಡು ಹೃದಯ ಮುಟ್ಟದೆ ನಿಂತುಬಿಟ್ಟಿತ್ತು, ಅವನು ಆಮೇಲೂ ಕಾದಾಡಿದ. ತಪ್ಪೆಲ್ಲ ಗುಂಡಿನದೇ ಅಂತ ತೀರ್ಮಾನವಾಗಿ, ಹೆಚ್ಚು ಬಲದ 10 ಎಂಎಂ ಬಂತು. ಅದರ ಒದೆತ ತಡೆಯಲಾಗದೆ ಏಜೆಂಟರು ಮುಖ ಹಿಂಡಿದರು. ಅದನ್ನೇ ಸ್ವಲ್ಪ ಮೊಟಕು ಮಾಡಿ 1990ರಲ್ಲಿ .40 ಬಂತು, ದೇಶದ ಪೊಲೀಸರೆಲ್ಲ ಅದರ ಹಿಂದೆ ಹೋದರು. ಅಷ್ಟರಲ್ಲಿ ಗುಂಡು ಮಾಡುವವರು 9 ಎಂಎಂ ಅನ್ನೇ ಸುಧಾರಿಸಿದ್ದರು. ಸುಮಾರು ಮೂವತ್ತು ವರ್ಷದ ಪ್ರದಕ್ಷಿಣೆ ಮುಗಿಸಿ ಎಫ್‌ಬಿಐ ಪುನಃ 9 ಎಂಎಂಗೇ ಬಂದು ಕೂತಿತು. ಒದೆತ ಕಡಿಮೆ, ಗುರಿ ಬೇಗ ಸಿಗುತ್ತದೆ, ಮ್ಯಾಗಜಿನ್‌ನಲ್ಲಿ ಹೆಚ್ಚು ಗುಂಡು ಹಿಡಿಸುತ್ತದೆ. ಇಷ್ಟನ್ನು ಕೇಳಿದ ಮೇಲೂ ಮನೆಗೆ ಬರುವಾಗ ಕಾರಿನಲ್ಲಿ ಇವರು ಅಂದದ್ದು, "ಆದ್ರೂ .45 ಅಂದ್ರೆ ಅದರ ಗತ್ತೇ ಬೇರೆ."

ಅದಿರಲಿ, ಅಂಗಡಿಯವನು ನನ್ನನ್ನು ಮರೆತಿರಲಿಲ್ಲ. ಹೆಂಗಸರು ಅಂದಕೂಡಲೇ ಇವರ ಕೈ ತಾನಾಗಿ ಒಂದೇ ಕಡೆ ಹೋಗುತ್ತದೆಯೋ ಏನೋ, ಐದು ಗುಂಡಿನ ಪುಟ್ಟ ರಿವಾಲ್ವರ್ ತೆಗೆದ, ಗುಲಾಬಿ ಬಣ್ಣದ ಹಿಡಿ. "ಮೇಡಂಗೆ ಇದು ಸುಲಭ." ಎತ್ತಿದರೆ ನಿಜಕ್ಕೂ ಹಗುರ, ಅರ್ಧ ಕಿಲೋನೂ ಇಲ್ಲ. ಕುದುರೆ ಎಳೆದು ನೋಡಿದೆ, ಬೆರಳು ಸೋತಿತು. ಈ ಪುಟಾಣಿಗಳ ಕುದುರೆಗೆ ಐದು ಕಿಲೋ ತೂಕದಷ್ಟು ಎಳೆತ ಬೇಕು. ಹಗುರವಾದ್ದರಿಂದ ಒದೆತವೂ ಇದರದ್ದೇ ಜೋರು, ಗುರಿ ಹಿಡಿಯುವುದಂತೂ ನುರಿತವರಿಗೇ ಕಷ್ಟ. ಅಂಗಡಿಯಲ್ಲಿ ಅತ್ಯಂತ ಕಷ್ಟದ ಆಯುಧಕ್ಕೆ ಗುಲಾಬಿ ಬಣ್ಣ ಬಳಿದು ಹೊಸಬಳ ಕೈಗೆ ಕೊಡುವುದು ಯಾವ ನ್ಯಾಯ ಸ್ವಾಮಿ?

ಮುಂದೆ ಅದನ್ನು ಬಚ್ಚಿಡುವ ಪ್ರಕರಣ. ಸೊಂಟಪಟ್ಟಿಯ ಒಳಗೆ, ಹೊಟ್ಟೆಯ ಮುಂಭಾಗದಲ್ಲಿ, ಬಲಕ್ಕೆ ಒಂದಿಷ್ಟು ಸರಿಸಿ ಸಿಕ್ಕಿಸಿಕೊಳ್ಳುವುದು ಈಗಿನ ಫ್ಯಾಷನ್. ಕೈಗೆ ಬೇಗ ಸಿಗುತ್ತದೆ, ಮರೆಯೂ ಆಗುತ್ತದೆ. ನಳಿಕೆ ಯಾವ ದಿಕ್ಕಿಗೆ ನೋಡುತ್ತಿರುತ್ತದೆ ಅನ್ನುವುದನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ, ಎರಡು ಮಕ್ಕಳಾಗಿವೆ, ಅಷ್ಟು ಸಮಾಧಾನ. ಗ್ಲಾಕ್‌ಗೆ ಬೆರಳಿಂದ ಒತ್ತುವ ಪ್ರತ್ಯೇಕ ಸೇಫ್ಟಿ ಇಲ್ಲ, ಕುದುರೆಯ ಮೇಲೇ ಒಂದು ಸಣ್ಣ ಪಟ್ಟಿಯಿದೆ. ಅಂದರೆ ಕುದುರೆ ಎಳೆದರೆ ಗುಂಡು ಹಾರಿತು, ಬೆರಳು ಎಳೆದರೂ ಅಷ್ಟೆ, ಅಂಗಿಯ ಅಂಚು ಸಿಕ್ಕಿಕೊಂಡು ಎಳೆದರೂ ಅಷ್ಟೆ. ಅದಕ್ಕೇ ಕುದುರೆಯನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್ ಇಲ್ಲದೆ ಹಾಗೇ ಸಿಕ್ಕಿಸಿಕೊಳ್ಳುವುದು ಸಿನಿಮಾದವರಿಗೆ ಬಿಟ್ಟದ್ದು. ಹೋಲ್ಸ್ಟರ್ ಭಾರ ಹೊರಲು ದಪ್ಪ ಬೆಲ್ಟ್ ಬೇಕು. ಬೆಲ್ಟ್ ಮುಚ್ಚಲು ಒಂದು ಅಳತೆ ದೊಡ್ಡ ಅಂಗಿ ಬೇಕು. ಇಪ್ಪತ್ತು ವರ್ಷದಿಂದ ಇನ್‌ಶರ್ಟ್ ಮಾಡದೆ ಮನೆ ಹೊಸಿಲು ದಾಟದ ಮನುಷ್ಯ ಈಗ ಅಂಗಿ ಇಳಿಬಿಟ್ಟುಕೊಂಡು ಕನ್ನಡಿ ಮುಂದೆ ಬಗ್ಗುತ್ತಾರೆ, ಕೈ ಮೇಲೆತ್ತುತ್ತಾರೆ, ಪಕ್ಕಕ್ಕೆ ತಿರುಗುತ್ತಾರೆ. "ಕಾಣುತ್ತೇನೆ?" ಪ್ಲಾಸ್ಟಿಕ್ಕಿನ ಡಮ್ಮಿ ಇಟ್ಟುಕೊಂಡು ಅಭ್ಯಾಸವಂತೆ. "ಪಿಸ್ತೂಲು ಕಾಣಲ್ಲ ರೀ, ಹೊಟ್ಟೆ ಕಾಣುತ್ತೆ" ಅಂದೆ.

ಇಷ್ಟೆಲ್ಲ ಮಾಡಿ ಹೊತ್ತುಕೊಂಡು ಹೋಗುವುದೆಲ್ಲಿಗೆ? ಅದನ್ನೂ ಕೂತು ಲೆಕ್ಕ ಹಾಕಿದೆವು. ಆಫೀಸಿನಲ್ಲಿ ಕಂಪನಿಯ ನಿಯಮ, ತರಕೂಡದು. ಮಕ್ಕಳ ಶಾಲೆಯೊಳಗೆ ಕಾನೂನೇ ಬಿಡುವುದಿಲ್ಲ. ಮತಗಟ್ಟೆ, ಕೋರ್ಟು ಕೂಡದು. ಬಾಗಿಲಲ್ಲಿ 30.06 ಅನ್ನುವ ಬೋರ್ಡು ಇದ್ದರೆ ಲೈಸೆನ್ಸ್ ಇದ್ದವರೂ ಬಚ್ಚಿಟ್ಟುಕೊಂಡು ಒಳಗೆ ಹೋಗುವಂತಿಲ್ಲ. ಆ ಬೋರ್ಡು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಒಂದಂಗುಲವಾದರೂ ಎತ್ತರ ಇರಬೇಕು ಅಂತ ಕಾನೂನು. ಬಾರಿನ ಗೋಡೆಯ ಮೇಲೆ ಕೆಂಪಗೆ 51% ಎಂದಿದ್ದರೆ, ಆ ಜಾಗದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕುಡಿಯುವ ಹೆಂಡದಿಂದ, ಪಿಸ್ತೂಲು ಹೊರಗೇ ಇರಲಿ ಅಂತ ಅರ್ಥ. ಯಾವ ಹೋಟೆಲಿನಲ್ಲಿ ಜನ ಎಷ್ಟು ಕುಡಿಯುತ್ತಾರೆ ಅನ್ನುವುದನ್ನು ಶೇಕಡಾವಾರು ತಿಳಿದುಕೊಳ್ಳಲು ನನಗೆ ಇದಕ್ಕಿಂತ ಒಳ್ಳೆ ದಾರಿ ಗೊತ್ತಿಲ್ಲ. ಇನ್ನು ವಿಮಾನ ನಿಲ್ದಾಣ. 2023ರಲ್ಲಿ ಈ ದೇಶದ ನಿಲ್ದಾಣಗಳ ತಪಾಸಣೆಯಲ್ಲಿ ಪ್ರಯಾಣಿಕರ ಕೈಚೀಲಗಳಿಂದ ಸಿಕ್ಕ ಬಂದೂಕುಗಳು 6,737, ಅವುಗಳಲ್ಲಿ ನೂರಕ್ಕೆ 93ರಷ್ಟು ಗುಂಡು ತುಂಬಿದವು. ಕೇಳಿದರೆ, ಬ್ಯಾಗಿನಲ್ಲಿದ್ದದ್ದು ಮರೆತೇ ಹೋಗಿತ್ತು ಅನ್ನುತ್ತಾರಂತೆ. ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಕನ್ನಡಕ ಹುಡುಕುವವರ ಜತೆ ಬಾಳುತ್ತಿರುವ ನಾನು ಇದನ್ನು ನಂಬುತ್ತೇನೆ. ಎಲ್ಲ ಕಳೆದು ಉಳಿದದ್ದು ಸಂಜೆಯ ವಾಕಿಂಗು ಮತ್ತು ಇಂಡಿಯನ್ ದಿನಸಿ ಅಂಗಡಿ. ಕೊತ್ತಂಬರಿ ಸೊಪ್ಪಿಗೆ ಹದಿನೈದು ಗುಂಡಿನ ಕಾವಲು.

ಇವರ ಸ್ನೇಹಿತರೊಬ್ಬರು ಇದ್ದಾರೆ, ವಿರಾಜಪೇಟೆ ಕಡೆಯ ಕೊಡವರು. ಬಚ್ಚಿಡುವ ಮಾತು ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. ಅವರಲ್ಲಿ ಕೋವಿ ಮನೆಯ ದೊಡ್ಡವರಂತೆ ಎದುರಿಗೇ ಇರುತ್ತದೆ. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ. ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ರೂಢಿ. "ನಮ್ಮ ಕೋವಿ ಸುದ್ದಿ ಹೇಳುತ್ತೆ, ನಿಮ್ಮದು ಪ್ಯಾಂಟಿನೊಳಗೆ ಗುಟ್ಟು ಮಾಡುತ್ತೆ" ಅಂದರು. ನಮ್ಮವರು ಸೋಲೊಪ್ಪದೆ, ತಾವೂ ಆಯುಧಪೂಜೆಯಲ್ಲಿ ಕಾರಿನ ಪಕ್ಕ ಇಟ್ಟು ಕುಂಕುಮ ಹಚ್ಚುವುದಾಗಿ ಘೋಷಿಸಿದರು. ಸದ್ಯ, ಬೂದುಗುಂಬಳಕಾಯಿಗೆ ಗುಂಡು ಹೊಡೆಯುತ್ತೇನೆ ಅನ್ನಲಿಲ್ಲ.

ತಮಾಷೆ ಸರಿ, ಮನೆಯ ಮಾತು ಬಂದಾಗ ನನಗೆ ನಗು ಕಡಿಮೆ. ಇಲ್ಲಿಯ ಮನೆಗಳ ಗೋಡೆ ನಮ್ಮೂರಿನ ಇಟ್ಟಿಗೆ ಗೋಡೆಯಲ್ಲ. ಮರದ ಚೌಕಟ್ಟಿನ ಎರಡು ಕಡೆ ಸುಮಾರು ಅರ್ಧ ಅಂಗುಲದ ಜಿಪ್ಸಮ್ ಹಲಗೆ, ನಡುವೆ ಟೊಳ್ಳು. ಪಿಸ್ತೂಲಿನ ಗುಂಡು ಇಂಥ ಗೋಡೆಗಳನ್ನು ಒಂದರ ಹಿಂದೊಂದು ದಾಟಿ ಹೋಗುತ್ತದೆ. ತುದಿಯಲ್ಲಿ ಗುಳಿಯಿರುವ ಹಾಲೋ ಪಾಯಿಂಟ್ ಗುಂಡು ಮೈಯೊಳಗೆ ಅರಳಿ ನಿಲ್ಲಲೆಂದು ಮಾಡಿದ್ದು, ಆದರೆ ಗೋಡೆಯ ಪುಡಿ ಆ ಗುಳಿಯಲ್ಲಿ ತುಂಬಿಕೊಂಡರೆ ಅದೂ ಅರಳದೆ ಮುಂದಕ್ಕೆ ಹೋಗಿಬಿಡಬಹುದು. ನಮ್ಮ ಕೋಣೆಯ ಗೋಡೆಯ ಆಚೆ ಮಲಗುವುದು ಮಕ್ಕಳು. 2008ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟು ಹೆಲರ್ ಮೊಕದ್ದಮೆಯಲ್ಲಿ, ಮನೆ ಕಾಯಲು ಜನ ಪಿಸ್ತೂಲನ್ನೇ ಯಾಕೆ ಮೆಚ್ಚುತ್ತಾರೆ ಎಂಬುದಕ್ಕೆ ಕೊಟ್ಟ ಕಾರಣಗಳಲ್ಲೊಂದು, ಒಂದು ಕೈಯಲ್ಲಿ ಅದನ್ನು ಗುರಿಯಿಟ್ಟು ಇನ್ನೊಂದು ಕೈಯಲ್ಲಿ ಪೊಲೀಸರಿಗೆ ಫೋನ್ ಮಾಡಬಹುದು ಅಂತ. ನ್ಯಾಯಮೂರ್ತಿಗಳು ನಮ್ಮವರನ್ನು ನೋಡಿಲ್ಲ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಫೋನು ಹಿಡಿದರೆ ಕಾಫಿ ನೆಲಕ್ಕೆ, ಫೋನು ಅತ್ತೆಯವರಿಗೆ.

2014ರ ಡಿಸೆಂಬರ್‌ನಲ್ಲಿ ಐಡಾಹೊದ ಒಂದು ಅಂಗಡಿಯಲ್ಲಿ ಎರಡು ವರ್ಷದ ಕೂಸು ತಾಯಿಯ ಕೈಚೀಲಕ್ಕೆ ಕೈಹಾಕಿ ಅದರಲ್ಲಿದ್ದ ಪಿಸ್ತೂಲಿನಿಂದ ತಾಯಿಯನ್ನೇ ಕೊಂದಿತು. ಪಿಸ್ತೂಲು ಬಚ್ಚಿಡಲೆಂದೇ ಮಾಡಿದ ಚೀಲ ಅದು. ಹಾಗಾಗಿ ನನ್ನ ಷರತ್ತು ಒಂದೇ: ಯಾವ ಪಿಸ್ತೂಲು ಅನ್ನುವುದು ಆಮೇಲೆ, ಮೊದಲು ಪೆಟ್ಟಿಗೆ. ಗೋಡೆಗೋ ಮಂಚಕ್ಕೋ ತಿರುಪು ಹಾಕಿ ಬಿಗಿದ ಉಕ್ಕಿನ ಪೆಟ್ಟಿಗೆ, ಮೈಮೇಲಿಲ್ಲದಾಗ ಪಿಸ್ತೂಲಿಗೆ ಅದೊಂದೇ ಜಾಗ. ಕಪಾಟಿನ ಮೇಲಲ್ಲ, ದಿಂಬಿನ ಕೆಳಗಲ್ಲ. ಗುಟ್ಟಿನ ಸಂಖ್ಯೆ ಇಬ್ಬರಿಗೂ ಗೊತ್ತಿರಬೇಕು, ಮತ್ತು ಅದು ಮಗನ ಹುಟ್ಟಿದ ದಿನ ಆಗಿರಕೂಡದು.

ಪೆಟ್ಟಿಗೆಯನ್ನು ಮಂಚದ ಯಾವ ಪಕ್ಕಕ್ಕೆ ಬಿಗಿಯುವುದು ಅನ್ನುವಲ್ಲಿ ಗಾಡಿ ನಿಂತಿತು. ನಮ್ಮವರು ಮಲಗಿದರೆ ಕಳ್ಳ ಬಂದು ಮಂಚದ ಸಮೇತ ಹೊತ್ತೊಯ್ದರೂ ಏಳುವವರಲ್ಲ. ರಾತ್ರಿ ಎಲೆ ಅಲುಗಿದರೆ ಏಳುವವಳು ನಾನು. ಅಂದಮೇಲೆ ಮನೆ ಕಾಯುವ ಪಿಸ್ತೂಲನ್ನು ಯಾರ ಕೈ ಅಳತೆಗೆ ಆರಿಸಬೇಕು? ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡು ನೋಡಿದಾಗ ಇವರಿಗೆ ಹಿಡಿಸಿದ ಹಿಡಿ ನನ್ನ ಕೈಗೆ ದಪ್ಪ, ಬೆರಳು ಕುದುರೆಗೆ ಮುಟ್ಟಬೇಕಾದರೆ ಹಿಡಿತ ಸಡಿಲವಾಗುತ್ತದೆ. ನನಗೆ ಹಿಡಿಸಿದ್ದು ಇವರ ಅಂಗೈಯಲ್ಲಿ ಕಳೆದೇ ಹೋಗುತ್ತದೆ. ಯಜಮಾನರು ಒಂದು ವಾರ ಯೋಚಿಸಿ, ನಾನು ಮೊದಲ ದಿನವೇ ಹೇಳಬಹುದಾಗಿದ್ದ ಮಾತನ್ನು ತಮ್ಮದೇ ಸಂಶೋಧನೆಯಂತೆ ಹೇಳಿದರು: "ಒಂದರಲ್ಲಿ ಆಗಲ್ಲ ಕಣೇ. ನನ್ನ ಸೊಂಟಕ್ಕೊಂದು ಚಿಕ್ಕದು, ಮನೆಗೆ ನಿನ್ನ ಕೈಗೆ ಸರಿಹೋಗೋದು ಇನ್ನೊಂದು."

ಎರಡು ಪಿಸ್ತೂಲು, ಪೆಟ್ಟಿಗೆ, ಹೋಲ್ಸ್ಟರ್, ಬೆಲ್ಟು, ಅಭ್ಯಾಸಕ್ಕೆ ಗುಂಡು, ಇಬ್ಬರಿಗೂ ತರಗತಿಯ ಫೀಸು, ಮೇಲೆ ಇವರ ಹೊಸ ಅಂಗಿಗಳು. ಕೂಡಿಸಿದರೆ ಡಲ್ಲಸ್‌ನಿಂದ ಬೆಂಗಳೂರಿಗೆ ಒಬ್ಬರು ಹೋಗಿಬರುವ ಖರ್ಚು. ಅವರು ಎರಡು ಕೊಂಡರೆ ರಿಯಾಯಿತಿ ಉಂಟೇ ಅಂತ ಅಂಗಡಿಗೆ ಫೋನ್ ಮಾಡುತ್ತಿದ್ದಾರೆ. ನಾನು ಇತ್ತ ಕೂತು ಡಿಸೆಂಬರಿನ ಟಿಕೆಟ್ ನೋಡುತ್ತಿದ್ದೇನೆ, ಕಿಟಕಿ ಪಕ್ಕದ್ದು.