ನಮ್ಮೂರ ನೀರಲ್ಲಿ ಬೇಳೆ ಬೇಯಲ್ಲ

ತುಮಕೂರಿನಲ್ಲಿ ಬಾಡಿಗೆ ಮನೆ ನೋಡೋಕೆ ಹೋದವರು ವಾಸ್ತು, ಅಡ್ವಾನ್ಸು, ಪಾರ್ಕಿಂಗು ಇವೆಲ್ಲ ಆಮೇಲೆ ಕೇಳುತ್ತಾರೆ. ಮೊದಲ ಪ್ರಶ್ನೆ, "ಹೇಮಾವತಿ ಬರ್ತಾಳಾ?" ಹೊರಗಿನವರು ಕೇಳಿಸಿಕೊಂಡರೆ ಮನೆಗೆಲಸದವಳ ವಿಚಾರ ಅಂದುಕೊಳ್ಳಬೇಕು. ಓನರ್ ಅಮ್ಮ ಸೆರಗು ಸರಿಮಾಡಿಕೊಂಡು, "ಬರ್ತಾಳೆ, ಬಂದ ದಿನ ಸಂಪು ತುಂಬಿಸ್ಕೋಬೇಕು. ಮಿಕ್ಕಿದ್ದಕ್ಕೆ ಬೋರಿದೆ. ನಮ್ಮ ಬೋರ್ ನೀರು ಕಲ್ಲುಸಕ್ಕರೆ ಕಣ್ರೀ" ಅನ್ನುತ್ತಾರೆ. ತಮ್ಮ ಬೋರಿನ ನೀರು ಗಡಸು ಅಂತ ಒಪ್ಪಿಕೊಂಡ ಓನರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಗಡಸು ನೀರು ಏನಿದ್ದರೂ ಪಕ್ಕದ ಬೀದಿಯದು. ನೀವು ಆ ಮಾತಿಗೆ ತಲೆಯಾಡಿಸಿ ಸುಮ್ಮನೆ ಬಚ್ಚಲಿಗೆ ನುಗ್ಗಿ ಶವರ್ ತಿರುಗಿಸಿ. ಅರ್ಧ ತೂತು ಮುಚ್ಚಿಹೋಗಿ, ಒಂದು ಧಾರೆ ಗೋಡೆಗೆ, ಇನ್ನೊಂದು ನೇರ ನಿಮ್ಮ ಕಣ್ಣಿಗೆ ಹಾರಿದರೆ ಕಲ್ಲುಸಕ್ಕರೆಯಲ್ಲಿ ಸಕ್ಕರೆ ಎಷ್ಟು, ಕಲ್ಲು ಎಷ್ಟು ಅಂತ ಗೊತ್ತಾಗುತ್ತದೆ.

ನಮ್ಮೂರಿನ ಹಣೆಬರಹ ನೋಡಿ. ಪಕ್ಕದಲ್ಲೇ ದೇವರಾಯನದುರ್ಗ. ಶಿಂಷಾ ಹುಟ್ಟುವುದು ಆ ಬೆಟ್ಟಗಳಲ್ಲಿ, ಜಯಮಂಗಲಿ ಹುಟ್ಟುವುದೂ ಅಲ್ಲೇ. ಹುಟ್ಟಿದ ತಕ್ಷಣ ಒಬ್ಬಳು ದಕ್ಷಿಣಕ್ಕೆ, ಇನ್ನೊಬ್ಬಳು ಉತ್ತರಕ್ಕೆ. ತವರಿಗೆ ಒಂದು ಬಿಂದಿಗೆ ನೀರು ಕೊಡುವ ವ್ಯವಧಾನ ಇಬ್ಬರಿಗೂ ಇಲ್ಲ. ನಮ್ಮ ಬಾಯಾರಿಕೆಗೆ ಮೂಡಿಗೆರೆ ಸೀಮೆಯ ಹೇಮಾವತಿಯೇ ಬರಬೇಕು. ಗೊರೂರಿನಲ್ಲಿ ಅಣೆಕಟ್ಟೆಗೆ ಸಿಕ್ಕಿ, ನಾಲೆಗೆ ಬಿದ್ದು, ಬಾಗೂರು–ನವಿಲೆ ಸುರಂಗದ ಕತ್ತಲು ದಾಟಿ, ಬುಗುಡನಹಳ್ಳಿ ಕೆರೆಯಲ್ಲಿ ದಣಿವಾರಿಸಿಕೊಂಡು ನಮ್ಮ ನಲ್ಲಿಗೆ ಇಳಿಯುತ್ತಾಳೆ. ಇಷ್ಟೆಲ್ಲ ಅಲೆದರೂ ಅವಳದು ಮೆದು ಸ್ವಭಾವ. ಮಲೆನಾಡಿನ ಮಳೆನೀರು, ಕಲ್ಲಿನ ಸಹವಾಸ ಕಡಿಮೆ. ಬೋರ್ ನೀರು ಹಾಗಲ್ಲ. ನೆಲದೊಳಗೆ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತು, ಕಲ್ಲಿನ ಜೊತೆ ಹರಟೆ ಹೊಡೆದು, ಕ್ಯಾಲ್ಸಿಯಂ ಮೆಗ್ನೀಸಿಯಂ ಎಲ್ಲ ಕರಗಿಸಿಕೊಂಡು ಮೇಲೆ ಬರುತ್ತದೆ. ಬಾವಿಗಿಂತ ಆಳ, ಅದಕ್ಕಿಂತ ಆಳ ಅಂತ ನಾವು ಕೊರೆದಷ್ಟೂ ಅದರ ಗಡಸು ಹೆಚ್ಚುವುದೇ ಸಾಮಾನ್ಯ.

ಸ್ನಾನಕ್ಕೆ ಕೂತರೆ ಶುರು ತಮಾಷೆ. ಸೋಪು ಎಷ್ಟು ತಿಕ್ಕಿದರೂ ನೊರೆ ಇಲ್ಲ. ಸೋಪಿನ ಕೊಬ್ಬಿನಾಮ್ಲವನ್ನು ಕ್ಯಾಲ್ಸಿಯಂ ಮೊದಲೇ ಹಿಡಿದುಕೊಂಡು ಬಿಳಿ ಜಿಡ್ಡಾಗಿ ಬಕೆಟ್ಟಿನ ಅಂಚಿಗೆ ಅಂಟಿಸುತ್ತದೆ. ಅಂದರೆ ಮೊದಲ ಕಾಲು ಸೋಪು ನೀರಿನ ಸ್ನಾನಕ್ಕೆ, ಮಿಕ್ಕಿದ್ದು ನಮ್ಮ ಸ್ನಾನಕ್ಕೆ. ಅದೇ ಹೇಮಾವತಿ ಬಂದ ದಿನ ಎಷ್ಟು ಹುಯ್ದುಕೊಂಡರೂ ಸೋಪು ಹೋಗಲೇ ಇಲ್ಲವೇನೋ ಅನ್ನುವ ಜಾರಿಕೆ. ನಮ್ಮವರಿಗೆ ಅದೂ ಆಗುವುದಿಲ್ಲ. "ಇದೇನು ನೀರು ರೀ, ಲೋಳೆ ಲೋಳೆ" ಅಂತ ಗೊಣಗುತ್ತಾರೆ.

ಗೀಸರ್ ರಿಪೇರಿಯವನು ಬಂದಾಗ ಮಾತ್ರ ಪಕ್ಕದಲ್ಲಿ ನಿಂತು ನೋಡಬೇಕು. ನಟ್ಟು ಬಿಚ್ಚಿ ಕಾಯಿಲ್ ಎಳೆದ ಅಂದರೆ, ತಾಮ್ರ ಎಲ್ಲಿ ಅಂತ ಹುಡುಕಬೇಕು, ಅಷ್ಟು ದಪ್ಪ ಬಿಳಿ ಕವಚ. ಸ್ಕ್ರೂಡ್ರೈವರಿನ ಹಿಡಿಯಿಂದ ಟಕ್ ಟಕ್ ಅಂತ ಹೊಡೆದರೆ ಹಪ್ಪಳದ ಚೂರಿನ ಹಾಗೆ ಉದುರುತ್ತದೆ. ನೀರು ಕಾದಾಗ ಅದರಲ್ಲಿ ಕರಗಿದ್ದ ಬೈಕಾರ್ಬೊನೇಟು ಒಡೆದು ಸುಣ್ಣವಾಗಿ ಕೂತಿದ್ದು ಅದು. ಕರೆಂಟು ಮೊದಲು ಆ ಸುಣ್ಣವನ್ನು ಕಾಯಿಸಿ, ಆಮೇಲೆ ನೀರನ್ನು ಕಾಯಿಸಬೇಕು. ಬಿಲ್ಲು ಎರಡಕ್ಕೂ ಸೇರಿಸಿ ಬರುತ್ತದೆ. ಹಳಬರ ಮನೆಯಲ್ಲಿ ಹಂಡೆಯ ತಳಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದರು. ಹುಳಿಗೆ ಸುಣ್ಣ ಕರಗುತ್ತದೆ ಅಂತ ಅವರಿಗೆ ಯಾವ ಕೆಮಿಸ್ಟ್ರಿ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಬೇಳೆ. ಬೆಂಗಳೂರಿನಿಂದ ಬಂದ ಸೊಸೆ ಮೂರು ವಿಷಲ್ ಕೂಗಿಸಿ ಕುಕ್ಕರ್ ತೆಗೆದರೆ ತೊಗರಿಬೇಳೆ ಹಾಕಿದ ಹಾಗೇ ಕೂತು ನಗುತ್ತಿರುತ್ತದೆ. ಅತ್ತೆ "ನಿಮ್ಮಮ್ಮ ಇದನ್ನೂ ಕಲಿಸಲಿಲ್ವಾ" ಅನ್ನುವ ಮೊದಲು ತಿಳಿದುಕೊಳ್ಳಬೇಕಾದ್ದು: ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ನನ್ನು ಕ್ಯಾಲ್ಸಿಯಂ ಇನ್ನಷ್ಟು ಬಿಗಿ ಮಾಡುತ್ತದೆ. ಹುಡುಗಿಯದಲ್ಲ, ಬೋರಿನದು ತಪ್ಪು. ಅತ್ತೆ ಕದ್ದುಮುಚ್ಚಿ ಚಿಟಿಕೆ ಸೋಡಾ ಹಾಕುವುದೂ ಅದಕ್ಕೇ. ಎದುರುಮನೆ ಅಜ್ಜಿಯಂತೂ ಹೇಮಾವತಿ ನೀರನ್ನು ಬೇಳೆಗೆ, ಕಾಫಿಗೆ ಅಂತ ಎರಡು ಕೊಡ ಬೇರೆಯೇ ಎತ್ತಿಡುತ್ತಾರೆ. ಮೊಮ್ಮಗ ಅದರಲ್ಲಿ ಕೈ ತೊಳೆದರೆ ಮನೆಯಲ್ಲಿ ರಾಮಾಯಣ.

ಅಡುಗೆ, ಬಟ್ಟೆ, ಗೀಸರು ಇಷ್ಟು ಅಪವಾದ ನ್ಯಾಯವಾದದ್ದೇ. ಆದರೆ ನಾವು ಅಷ್ಟಕ್ಕೆ ಬಿಡುವ ಜನವೇ? ಗಂಡಸರ ತಲೆ ಬೋಳಾದರೆ ಬೋರ್ ನೀರು. ಅಪ್ಪನೂ ತಾತನೂ ಇದೇ ತಲೆ ಹೊತ್ತುಕೊಂಡಿದ್ದರು, ಆಗ ಬೋರ್ ಇರಲಿಲ್ಲ ಅನ್ನುವುದನ್ನು ಯಾರೂ ನೆನಪಿಸಬಾರದು. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ನಿಜ. ಬುಡಸಮೇತ ಹೋಗುವುದಕ್ಕೆ ವಂಶ ನೋಡಿ. ಕಿಡ್ನಿಯಲ್ಲಿ ಕಲ್ಲಾದರೂ ಬೋರ್ ನೀರು. ದಿನಕ್ಕೆ ಎಂಟು ಕಾಫಿ, ಎರಡು ಲೋಟ ನೀರು ಕುಡಿಯುವವನಿಗೆ ಕಲ್ಲಾಗದೆ ಮುತ್ತಾಗುತ್ತದೆಯೇ? ಗಡಸುತನಕ್ಕೆ ಆರೋಗ್ಯದ ಲೆಕ್ಕದಲ್ಲಿ ಮಿತಿ ಹಾಕುವ ಗೊಡವೆಗೇ ವಿಶ್ವ ಆರೋಗ್ಯ ಸಂಸ್ಥೆ ಹೋಗಿಲ್ಲ. ನಮ್ಮ ದೇಶದ ಐಎಸ್ 10500 ಮಾನದಂಡ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಲೇಸು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ಸಹಿಸಿಕೊಳ್ಳಿ ಅನ್ನುತ್ತದೆ.

ಈ ಭಯದ ಮೇಲೆ ಬೇಳೆ ಬೇಯಿಸಿಕೊಳ್ಳುವವರು ಬೇರೆ ಇದ್ದಾರೆ. ಒಂದು ಭಾನುವಾರ ಟೈ ಕಟ್ಟಿಕೊಂಡ ಹುಡುಗನೊಬ್ಬ ಬಂದ. ಜೇಬಿನಿಂದ ಪೆನ್ನಿನಂಥದ್ದು ತೆಗೆದು ನಮ್ಮ ನಲ್ಲಿ ನೀರಿಗೆ ಅದ್ದಿ, "ಟಿಡಿಎಸ್ ನೋಡಿ ಆಂಟಿ, ನೀರಲ್ಲಿ ಕರಗಿರೋ ಲವಣ" ಅಂತ ಮುಖ ಸಪ್ಪಗೆ ಮಾಡಿದ. ಆಮೇಲೆ ಎರಡು ಲೋಟ ಇಟ್ಟ. ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನು ತಂದ ಆರ್‌ಓ ನೀರು. ನಾಲ್ಕು ಕಡ್ಡಿಯ ಯಂತ್ರ ಎರಡಕ್ಕೂ ಇಳಿಸಿ ಸ್ವಿಚ್ ಒತ್ತಿದ. ಅರೆ ನಿಮಿಷಕ್ಕೆ ನಮ್ಮ ನೀರು ಹಳದಿ, ಆಮೇಲೆ ಪಾಚಿ ಹಸಿರು, ಆಮೇಲೆ ಕಂದು. ಮೇಲೆ ಕೆಸರು ತೇಲಿತು. ಅವನ ಲೋಟ ಗಂಗೆಯಷ್ಟು ಶುಭ್ರ. ನನ್ನ ಹೆಂಡತಿ "ಅಯ್ಯೋ, ಇದನ್ನೇ ಕುಡೀತಿದ್ವಾ?" ಅಂತ ಎದೆಗೆ ಕೈಯಿಟ್ಟುಕೊಂಡಳು. ಅಷ್ಟರಲ್ಲಿ ಪೇಪರ್ ಇಸಕೊಳ್ಳಲು ಬಂದಿದ್ದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, "ಒಂದು ಚಿಟಿಕೆ ಉಪ್ಪು ಕೊಡಮ್ಮ" ಅಂದು ಅವನ ಲೋಟಕ್ಕೆ ಹಾಕಿ ಕಲಕಿ, "ಈಗ ಒತ್ತಪ್ಪ" ಅಂದರು. ಗಂಗೆಯೂ ಚರಂಡಿಯಾಯಿತು. ಕೆಸರು ನೀರಿನದಲ್ಲ, ಕಡ್ಡಿಯ ಕಬ್ಬಿಣ ಕರಗಿದ್ದು; ಉಪ್ಪಿನಂಶವಿದ್ದರೆ ಕರೆಂಟು ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹುಡುಗ "ಸಾರ್, ಉಪ್ಪು ಹಾಕಬಾರದು" ಅಂತ ತೊದಲಿದ. ಮೇಷ್ಟ್ರು "ಸಾರಿಗೂ ಹಾಕಬಾರದೇನಯ್ಯ?" ಅಂದರು.

ಆ ಪೆನ್ನು ಅಳೆಯುವುದೂ ಇಷ್ಟೇ: ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು. ಕಲ್ಪತರು ನಾಡಿನವರಲ್ಲವೇ, ಅದನ್ನು ಒಂದು ಎಳನೀರಿಗೆ ಅದ್ದಿ ನೋಡಿ. ಸಾವಿರಗಟ್ಟಲೆ ತೋರಿಸುತ್ತದೆ. ಹಾಗಂತ ಆಸ್ಪತ್ರೆಯಲ್ಲಿ ಮಲಗಿದವರಿಗೆ ಎಳನೀರು ಒಯ್ಯುವುದನ್ನು ಬಿಡುತ್ತೀರಾ? ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತು. ಕಾರಣ ಸರಳ. ಮನೆಯ ಆರ್‌ಓ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚರಂಡಿಗೆ ಬಿಡುತ್ತದೆ. ನೀರಿಗಾಗಿ ಕಾಯುವ ಊರಿನಲ್ಲಿ, ಹಾಸನ ಸೀಮೆಯಿಂದ ಬಂದ ಹೇಮಾವತಿಯನ್ನು ಯಂತ್ರಕ್ಕೆ ಹಾಕಿ ಮೋರಿಗೆ ಬಿಡುತ್ತೇವಲ್ಲ, ನಮ್ಮ ಬುದ್ಧಿಗೆ ಯಾವ ಪೆನ್ನು ಅದ್ದಬೇಕು?

ಅದೇ ನಲ್ಲಿಯಲ್ಲಿ ಬ್ಲೀಚಿಂಗ್ ವಾಸನೆ ಬಂದರೆ ಮೂಗು ಮುರಿಯುತ್ತೇವೆ. ಆ ಸಣ್ಣ ಘಾಟೇ ಕಾಲರಾ, ಟೈಫಾಯ್ಡನ್ನು ಬಾಗಿಲಲ್ಲಿ ತಡೆಯುವುದು. ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ನಿಯಮವೇ ಇದೆ. ವಾಸನೆ ಬೇಡವಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಬಿಡಿ, ಹೋಗುತ್ತದೆ. ಅದನ್ನು ಬಿಟ್ಟು, ಯಾವಾಗ ತೊಳೆದದ್ದೋ ಗೊತ್ತಿಲ್ಲದ ಕ್ಯಾನಿನ ನೀರನ್ನು "ಮಿನರಲ್" ಅಂತ ಗಟಗಟ ಕುಡಿಯುತ್ತೇವೆ.

ನಮ್ಮ ಜಿಲ್ಲೆಗೆ ನಿಜವಾದ ಹೆದರಿಕೆ ಬೇರೆ ಇದೆ. ಅದಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ, ಬಕೆಟ್ಟಿಗೆ ಅಂಟುವುದಿಲ್ಲ, ಬೇಳೆಯನ್ನು ತಡೆಯುವುದೂ ಇಲ್ಲ: ಫ್ಲೋರೈಡ್. ಪಾವಗಡದ ಕಡೆ ಹಳ್ಳಿಗಳಿಗೆ ಹೋದರೆ ಕಂದು ಗೆರೆ ಬಿದ್ದ ಹಲ್ಲಿನ ಮಕ್ಕಳು, ಬೆನ್ನು ಎತ್ತಲಾಗದ ಹಿರಿಯರು ಸಿಗುತ್ತಾರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಲಾಯಕ್ಕಲ್ಲ. ಅಲ್ಲಿ ಆರ್‌ಓ ಬೇಕೇ ಬೇಕು. ಊರಮುಂದಿನ ಘಟಕಕ್ಕೆ ನಾಣ್ಯ ಹಾಕಿ 20 ಲೀಟರ್ ಹಿಡಿದು ಹೋಗುವವರನ್ನು ಯಾರೂ ಆಡಿಕೊಳ್ಳಬೇಡಿ. ಟೈ ಹುಡುಗನ ಪೆನ್ನಿಗೆ ಈ ಫ್ಲೋರೈಡೂ ಕಾಣುವುದಿಲ್ಲ, ಚರಂಡಿ ಬೆರೆತ ನೀರಿನ ರೋಗಾಣುವೂ ಕಾಣುವುದಿಲ್ಲ.

ಬೋರ್ ನೀರು ಕುಡಿಯುವವರು ಒಂದು ಕೆಲಸ ಮಾಡಿ. ಶುಭ್ರವಾದ ಬಾಟಲಿಯಲ್ಲಿ ಒಂದು ಲೀಟರ್ ಹಿಡಿದು ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್, ನೈಟ್ರೇಟ್ ನೋಡಿಸಿ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಬಾಟಲಿ ಕೇಳಿ. ಗಡಸುತನದ ಅಂಕಿಯನ್ನೂ ಅದೇ ಚೀಟಿಯಲ್ಲಿ ಬರೆದುಕೊಡುತ್ತಾರೆ, ಅದನ್ನು ಅತ್ತೆಗೆ ತೋರಿಸಿ.