‘ಕೊನೆಯ ದಿನಾಂಕ ಅಂತ ಒಂದು ಇದ್ದರೆ ತಾನೇ ಮಾರಾಯ್ರೆ!’

ಕೊಣಾಜೆಯ ನೋಟೀಸ್ ಬೋರ್ಡಿನ ಜತೆ ಒಂದು ಕಾಲ್ಪನಿಕ ಸಂದರ್ಶನ

ಕೊಣಾಜೆಯಲ್ಲಿರುವ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿಗಳು ಯಾಕೆ ಕಡಿಮೆಯಾಗುತ್ತಿದ್ದಾರೆ ಎಂದು ಕೇಳೋಣವೆಂದರೆ ಕುಲಪತಿಗಳಿಗೆ ಸಭೆ, ಕುಲಸಚಿವರಿಗೆ ಕಡತ, ಪ್ರಾಧ್ಯಾಪಕರಿಗೆ ಮೌಲ್ಯಮಾಪನ, ಸಚಿವರಿಗೆ ಬೆಂಗಳೂರು. ಬಿಡುವಾಗಿ ಸಿಕ್ಕಿದ್ದು ಸ್ನಾತಕೋತ್ತರ ವಿಭಾಗವೊಂದರ ವರಾಂಡದಲ್ಲಿ ಗೋಡೆಗೆ ಆತು ನಿಂತಿದ್ದ ನೋಟೀಸ್ ಬೋರ್ಡು ಮಾತ್ರ. ಹಸಿರು ಬಟ್ಟೆ, ಗಾಜಿನ ಬಾಗಿಲು, ಕೀಲಿಕೈ ಕಳೆದುಹೋದ ಬೀಗ. ಊರಿನ ಕನ್ನಡದಲ್ಲಿ ಧಾರಾಳವಾಗಿಯೇ ಮಾತಾಡಿತು.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ಬೋರ್ಡು: ಎಂಥ ಹೇಳುವುದು? ಮೈತುಂಬ ಪಿನ್ನು ಉಂಟು, ಎದುರಿಗೆ ಜನ ಇಲ್ಲ. ನೀವು ಅಡ್ಮಿಷನ್ನಿಗೆ ಬಂದವರಾ?

ಪ್ರಶ್ನೆ: ಅಲ್ಲ, ಸಂದರ್ಶನಕ್ಕೆ.

ಬೋರ್ಡು: ಛೆ, ಸುಮ್ಮನೆ ಆಸೆ ಹುಟ್ಟಿಸಿದ್ರಿ. ಸೀಟು ಉಂಟು ಮಾರಾಯ್ರೆ, ಬೇಕಾದ್ರೆ ಕೇಳಿ. ಸಂದರ್ಶನ ಮುಗಿಸಿ ಅರ್ಜಿಯನ್ನೂ ಹಾಕಿಯೇ ಹೋಗಿ.

ಪ್ರಶ್ನೆ: ನಿಮ್ಮ ಎದೆಯ ಮೇಲೆ ಒಂದರ ಮೇಲೊಂದು ಕಾಗದ ಚುಚ್ಚಿದ್ದಾರಲ್ಲ, ಏನದು?

ಬೋರ್ಡು: ಎಲ್ಲಕ್ಕಿಂತ ಅಡಿಯಲ್ಲಿರುವುದು ಪ್ರವೇಶದ ಕೊನೆಯ ದಿನಾಂಕ. ಅದರ ಮೇಲಿನದ್ದು ಕೊನೆಯ ದಿನಾಂಕ ವಿಸ್ತರಣೆ. ಅದರ ಮೇಲೆ ದಂಡಶುಲ್ಕದೊಂದಿಗೆ ವಿಸ್ತರಣೆ, ಅದರ ಮೇಲೆ ದಂಡಶುಲ್ಕ ಇಲ್ಲದೆ ವಿಸ್ತರಣೆ. ಮೇಲ್ಗಡೆ ಕಾಣುವುದು ಸ್ಪಾಟ್ ಅಡ್ಮಿಷನ್. ನಮ್ಮಲ್ಲಿ ಕೊನೆಯ ದಿನಾಂಕ ಅಂತ ಒಂದು ಇದ್ದರೆ ತಾನೇ ಮಾರಾಯ್ರೆ! ಬಂದವರು ಬಂದ ದಿನವೇ ಕೊನೆಯ ದಿನ.

ಪ್ರಶ್ನೆ: ಮೊದಲು ಹೀಗಿರಲಿಲ್ಲವೇ?

ಬೋರ್ಡು: ಮೊದಲಾ? ಮೆರಿಟ್ ಲಿಸ್ಟ್ ಹಾಕುವ ದಿನ ಅಟೆಂಡರ್ ನನ್ನ ಹತ್ತಿರ ಬರ್ಲಿಕ್ಕೆ ಹೆದರ್ತಿದ್ದ. ಅವನ ಕೈಯಿಂದ ಲಿಸ್ಟನ್ನು ಎಳೆದು ಮಕ್ಕಳೇ ಓದಿಕೊಳ್ತಿದ್ದರು. ನನ್ನ ಹಳೇ ಗಾಜು ಒಡೆದದ್ದು ಅಂಥ ಒಂದು ದಿನ. ಈಗಿನ ಗಾಜಿನಲ್ಲಿ ಒಂದು ಗೀರೂ ಇಲ್ಲ. ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಯವರು ಬಂದರೆ ಅದನ್ನೇ ‘ಮೂಲಸೌಕರ್ಯದ ಉತ್ತಮ ನಿರ್ವಹಣೆ’ ಅಂತ ತೋರಿಸಬಹುದು.

ಪ್ರಶ್ನೆ: ನಿಮ್ಮ ಹಿನ್ನೆಲೆ ಸ್ವಲ್ಪ ಹೇಳಿ.

ಬೋರ್ಡು: 1968ರಲ್ಲಿ ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರ ಆಗಿ ಶುರು. ಕನ್ನಡ ವಿಭಾಗಕ್ಕೆ ಎಸ್.ವಿ. ಪರಮೇಶ್ವರ ಭಟ್ಟರು ಬಂದ್ರು. 1980ರ ಸೆಪ್ಟೆಂಬರ್ 10ಕ್ಕೆ ಸ್ವಂತ ವಿಶ್ವವಿದ್ಯಾನಿಲಯ ಆಯ್ತು. ಜಾಗ 353 ಎಕರೆ. ಭೂತಾರಾಧನೆ, ಯಕ್ಷಗಾನ, ಪಾಡ್ದನ ಇದೆಲ್ಲ ಗದ್ದೆ ಬದಿಯ ಸಂಗತಿ ಮಾತ್ರ ಅಲ್ಲ, ಕೂತು ಅಧ್ಯಯನ ಮಾಡುವಂಥದ್ದು ಅಂತ ತೋರಿಸಿಕೊಟ್ಟವರು ಈ ವರಾಂಡದಲ್ಲಿ ಓಡಾಡಿದವರು. ಬಿ.ಎ. ವಿವೇಕ ರೈ ಹಂಪಿ ಕನ್ನಡ ವಿ.ವಿ.ಗೆ ಕುಲಪತಿ ಆದ್ರು, ಕೆ. ಚಿನ್ನಪ್ಪ ಗೌಡರು ಜಾನಪದ ವಿ.ವಿ.ಗೆ ಆದ್ರು. ಆಗ ನಾವು ಬೇರೆ ವಿ.ವಿ.ಗಳಿಗೆ ಕುಲಪತಿಗಳನ್ನು ಕಳಿಸ್ತಿದ್ದೆವು. ಈಗ ವಿದ್ಯಾರ್ಥಿಗಳನ್ನು ಕಳಿಸ್ತಿದ್ದೇವೆ.

ಪ್ರಶ್ನೆ: ಎಲ್ಲಿಗೆ?

ಬೋರ್ಡು: ದೂರ ಎಂಥದ್ದೂ ಇಲ್ಲ. ಸ್ಟೇಟ್ ಬ್ಯಾಂಕಿನಿಂದ ಕೊಣಾಜೆ ಬಸ್ಸು ಹತ್ತಿ. ತೊಕ್ಕೊಟ್ಟು ದಾಟಿ ದೇರಳಕಟ್ಟೆ ಬರ್ತದೆ. ಅಲ್ಲಿ ಒಂದಲ್ಲ, ಎರಡು ಡೀಮ್ಡ್ ವಿಶ್ವವಿದ್ಯಾಲಯ ಉಂಟು, ನಿಟ್ಟೆ ಮತ್ತು ಯೇನೆಪೋಯ. ಎರಡಕ್ಕೂ 2008ರಲ್ಲಿ ಆ ಪಟ್ಟ ಸಿಕ್ಕಿದ್ದು. ಬ್ಯಾಗು ಹಾಕಿಕೊಂಡ ಮಕ್ಕಳೆಲ್ಲ ಅಲ್ಲೇ ಇಳೀತಾರೆ. ಬಸ್ಸು ಹಗುರಾಗಿ ನಮ್ಮ ಗೇಟಿಗೆ ಬರ್ತದೆ. ಉಳಿದವರಲ್ಲಿ ಕೆಲವರು ಮುಂದಕ್ಕೆ ಮುಡಿಪಿಗೆ, ಇನ್ಫೋಸಿಸ್ಸಿಗೆ ಹೋಗುವವರು. ಕಲಿಯುವವರು ಹಿಂದಿನ ಸ್ಟಾಪಿನಲ್ಲಿ, ಕೆಲಸ ಸಿಕ್ಕಿದವರು ಮುಂದಿನ ಸ್ಟಾಪಿನಲ್ಲಿ. ನಡುವೆ ನಾವು, ಬಸ್ಸು ತಿರುಗಿಸ್ಲಿಕ್ಕೆ ವಿಶಾಲ ಜಾಗ ಇಟ್ಟುಕೊಂಡು.

ಪ್ರಶ್ನೆ: ಇದ್ದ ಕಾಲೇಜುಗಳೂ ಕೈಬಿಟ್ಟು ಹೋದವಂತೆ?

ಬೋರ್ಡು: ಮಕ್ಕಳು ದೊಡ್ಡವರಾದ ಮೇಲೆ ಬೇರೆ ಮನೆ ಮಾಡ್ತಾರಲ್ಲ, ಹಾಗೆ. ಬೇಸರ ಮಾಡಿ ಸುಖ ಇಲ್ಲ. ಸಂತ ಅಲೋಶಿಯಸ್ 1880ರದ್ದು, ನಮ್ಮ ವಿ.ವಿ.ಗಿಂತ 100 ವರ್ಷ ಹಿರಿದು. 2024ರಲ್ಲಿ ಅದೂ ಡೀಮ್ಡ್ ಆಯ್ತು. ಉಜಿರೆ, ಮೂಡುಬಿದಿರೆ, ಪುತ್ತೂರಿನ ಹೆಸರಾಂತ ಕಾಲೇಜುಗಳು ಸ್ವಾಯತ್ತ ಆದವು. ಸ್ವಾಯತ್ತ ಅಂದ್ರೆ ಸಿಲೆಬಸ್ಸು ಅವರದ್ದು, ಪ್ರಶ್ನೆಪತ್ರಿಕೆ ಅವರದ್ದು, ಮೌಲ್ಯಮಾಪನ ಅವರದ್ದು, ಪರೀಕ್ಷಾ ಶುಲ್ಕವೂ ಅವರದ್ದೇ. ಕೊನೆಗೆ ಪದವಿ ಪ್ರಮಾಣಪತ್ರದಲ್ಲಿ ನಮ್ಮ ಮೊಹರು. ಕುದ್ರೋಳಿಯಲ್ಲಿ ಯಾರಾದರೂ ‘ಮಗಳು ಎಲ್ಲಿ ಓದ್ತಾಳೆ’ ಅಂತ ಕೇಳಿದ್ರೆ ಕಾಲೇಜಿನ ಹೆಸರು ಹೇಳ್ತಾರೆ. ಮಾರ್ಕ್ಸ್ ಕಾರ್ಡ್ ತಡವಾದಾಗ ಮಾತ್ರ ವಿ.ವಿ. ಹೆಸರು ಬಾಯಿಗೆ ಬರ್ತದೆ.

ಪ್ರಶ್ನೆ: ಕರಾವಳಿಯ ಮಕ್ಕಳು ಓದಿನಲ್ಲಿ ಮುಂದು ಅಂತಾರೆ. ಹಾಗಿದ್ದರೂ ಹೀಗೇಕೆ?

ಬೋರ್ಡು: ಅದೇ ಕುಶಾಲು. ದ್ವಿತೀಯ ಪಿಯುಸಿಯಲ್ಲಿ 2024ಕ್ಕೆ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದ್ದು. 2025ಕ್ಕೆ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದ್ದು. ಹೊರ ಜಿಲ್ಲೆಗಳಿಂದ ಇಲ್ಲಿನ ಪಿಯು ಹಾಸ್ಟೆಲುಗಳಿಗೆ ಮಕ್ಕಳು ಬರ್ತಾರೆ. ಅವರಲ್ಲಿ ಹೆಚ್ಚಿನವರ ಕಣ್ಣು ನೀಟ್, ಸಿಇಟಿ ಮೇಲೆ. ಮತ್ತೆ ಉಳಿದವರು ಬಿ.ಸಿ.ಎ., ಬಿ.ಕಾಂ. ಮುಗಿಸಿ ನೇರ ಬೆಂಗಳೂರು, ಇಲ್ಲ ಗಲ್ಫ್. ಎಂ.ಎ. ಇತಿಹಾಸ, ಎಂ.ಎಸ್ಸಿ. ಭೌತಶಾಸ್ತ್ರ ಅಂದ್ರೆ ಮನೆಯವರು ‘ಅದು ಕಲಿತು ಮುಂದೆ ಎಂಥ?’ ಅಂತಾರೆ. ‘ಲೆಕ್ಚರರ್ ಆಗ್ತೇನೆ’ ಅಂತ ಹೇಳುವ ಹಾಗಿಲ್ಲ. ಲೆಕ್ಚರರ್ ಆದವರೇ ಎದುರಿಗೆ ಅತಿಥಿ ಆಗಿ ಕೂತಿದ್ದಾರೆ. ಇನ್ನೊಂದು ಸಂಗತಿಯೂ ಉಂಟು. ರಾಜ್ಯದಲ್ಲಿ ಹುಟ್ಟುವ ಮಕ್ಕಳೇ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಅದನ್ನು ಸರಿಮಾಡುವ ನೋಟೀಸು ಮಾತ್ರ ಯಾವ ಕುಲಸಚಿವರೂ ಹೊರಡಿಸ್ಲಿಕ್ಕೆ ಆಗುವುದಿಲ್ಲ.

ಪ್ರಶ್ನೆ: ಸರ್ಕಾರ ಸುಧಾರಣೆಗೆ ಏನೂ ಮಾಡಿಲ್ಲ ಎನ್ನಬೇಡಿ.

ಬೋರ್ಡು: ಯಾರು ಹೇಳಿದ್ದು? ಭಾರೀ ಮಾಡಿದೆ. 2021ರಲ್ಲಿ ಹೊಸ ಶಿಕ್ಷಣ ನೀತಿ ತಂದು ‘ದೇಶದಲ್ಲೇ ಮೊದಲು’ ಅಂತ ಚಪ್ಪಾಳೆ ತಟ್ಟಿತು. ಆನರ್ಸ್ ಬೇಕಾದ್ರೆ ನಾಲ್ಕು ವರ್ಷ ಓದಿ ಅಂತ ನೋಟೀಸು ಚುಚ್ಚಿದ್ರು. 2024–25ಕ್ಕೆ ಪುನಃ ಮೂರೇ ವರ್ಷ ಅಂತ ಇನ್ನೊಂದು ನೋಟೀಸು ಚುಚ್ಚಿದ್ರು. ಎರಡೂ ನನ್ನ ಮೈಮೇಲೇ ಉಂಟು, ಅಕ್ಕಪಕ್ಕ. ನಡುವೆ ಯುಯುಸಿಎಂಎಸ್ ಅಂತ ಆನ್‌ಲೈನ್ ವ್ಯವಸ್ಥೆ ಬಂತು. ಅರ್ಜಿ, ಪರೀಕ್ಷೆ, ಫಲಿತಾಂಶ ಎಲ್ಲ ಅದರಲ್ಲೇ. ಅಂದಿನಿಂದ ಮಕ್ಕಳು ನನ್ನ ಎದುರು ನಿಲ್ಲುವುದು ನೋಟೀಸು ಓದ್ಲಿಕ್ಕಲ್ಲ, ಇಲ್ಲಿ ನೆಟ್‌ವರ್ಕ್ ಸಿಗ್ತದೆ ಅಂತ.

ಪ್ರಶ್ನೆ: ಮೇಷ್ಟ್ರುಗಳು?

ಬೋರ್ಡು: ‘ಅತಿಥಿ ಉಪನ್ಯಾಸಕರು ಬೇಕಾಗಿದ್ದಾರೆ’ ಅಂತ ಪ್ರತಿ ವರ್ಷ ನನ್ನ ಮೇಲೆ ಬರ್ತದೆ. ರಾಜ್ಯದ ಸರ್ಕಾರಿ ವಿ.ವಿ.ಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಒಬ್ಬರು ನಿವೃತ್ತರಾದ್ರೆ ಹಾರ, ಶಾಲು, ಹಣ್ಣಿನ ಬುಟ್ಟಿ. ಆ ಕುರ್ಚಿಗೆ ಬೇರೆಯವರು ಬರುವುದಿಲ್ಲ. ನಿವೃತ್ತರ ಪಿಂಚಣಿಯನ್ನು ‘ನಿಮ್ಮ ಆಂತರಿಕ ಸಂಪನ್ಮೂಲದಿಂದಲೇ ಕೊಡಿ’ ಅಂತಾರೆ. ಆಂತರಿಕ ಸಂಪನ್ಮೂಲ ಅಂದ್ರೆ ಪರೀಕ್ಷಾ ಶುಲ್ಕ, ಸಂಯೋಜನೆ ಶುಲ್ಕ. ಅದನ್ನು ಕೊಡುವ ಕಾಲೇಜುಗಳು ಸ್ವಾಯತ್ತ. ಲೆಕ್ಕ ನೀವೇ ಮಾಡಿ, ನಮ್ಮಲ್ಲಿ ಗಣಿತಕ್ಕೂ ಅತಿಥಿಗಳೇ ಬರಬೇಕು.

ಪ್ರಶ್ನೆ: ಕೊಡಗು ಕೂಡ ಬೇರೆಯಾಯಿತಲ್ಲ?

ಬೋರ್ಡು: ಹೌದು. ಹಿಂದಿನ ಸರ್ಕಾರ ಜಿಲ್ಲೆಗೊಂದು ವಿ.ವಿ. ಅಂತ ಹೊರಟಿತು. ಹಾಸನ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ, ಬೀದರ್, ಕೊಡಗು. ಚಿಕ್ಕಅಳುವಾರದ ನಮ್ಮ ಸ್ನಾತಕೋತ್ತರ ಕೇಂದ್ರವೇ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆಯ್ತು. ಅಲ್ಲಿದ್ದದ್ದು ಅದೇ ಮಕ್ಕಳು, ಅದೇ ಕಟ್ಟಡ. ಹೊಸತಾಗಿ ಬಂದದ್ದು ಕುಲಪತಿ, ಕುಲಸಚಿವರು ಮತ್ತು ಬೋರ್ಡು. ನನ್ನಂಥ ಬೋರ್ಡಲ್ಲ, ರಸ್ತೆ ಬದಿಯ ದೊಡ್ಡ ಬೋರ್ಡು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಕುಳಿತು, ಕೊಡಗೂ ಸೇರಿ ಒಂಬತ್ತು ಹೊಸ ವಿ.ವಿ. ಮುಚ್ಚಬೇಕು ಅಂತ ಶಿಫಾರಸು ಮಾಡಿತು. ತೆರೆಯುವಾಗ ದುಡ್ಡು ಕೊಡ್ಲಿಲ್ಲ, ಮುಚ್ಚುವಾಗ ದುಡ್ಡಿಲ್ಲ ಅಂದ್ರು. ಒಂದೇ ಕಾರಣಕ್ಕೆ ಎರಡು ಸರ್ಕಾರಗಳಿಗೆ ಕೆಲಸ ಸಿಕ್ಕಿತು.

ಪ್ರಶ್ನೆ: ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿದರೆ ಆಯಿತೇ? ಒಳಗಿನವರ ತಪ್ಪೇ ಇಲ್ಲವೇ?

ಬೋರ್ಡು: (ಗಾಜಿನ ಬಾಗಿಲು ಸ್ವಲ್ಪ ಮುಂದೆಳೆದುಕೊಂಡು) ಮೆಲ್ಲ ಮಾತಾಡಿ, ಎದುರಿಗೆ ಸಿಬ್ಬಂದಿ ಕೋಣೆ. ಉಂಟು ಮಾರಾಯ್ರೆ, ಇಲ್ಲ ಅಂತ ಯಾರು ಹೇಳ್ತಾರೆ? ಫಲಿತಾಂಶ ಬರುವಷ್ಟರಲ್ಲಿ ಬೇರೆ ಕಡೆ ಪ್ರವೇಶ ಮುಗಿದಿರ್ತದೆ. ಸಿಲೆಬಸ್ಸು ಬದಲಾದ್ರೂ ನೋಟ್ಸು ಬದಲಾಗುವುದಿಲ್ಲ, ಅದೇ ಹಳದಿ ಹಾಳೆ. ರಾಷ್ಟ್ರೀಯ ವಿಚಾರ ಸಂಕಿರಣ ಅಂತ ಮಾಡ್ತಾರೆ, ವೇದಿಕೆಯಲ್ಲಿ ಕೂತವರಿಗಿಂತ ಎದುರು ಕೂತವರು ಕಡಿಮೆ. ಕುಲಪತಿ ಹುದ್ದೆ ಖಾಲಿ ಆಯ್ತು ಅಂದ್ರೆ ರಾಜ್ಯದ ಎಲ್ಲ ವಿ.ವಿ.ಗಳಲ್ಲಿ ಒಂದೇ ಕಥೆ: ಯಾವ ಪುಸ್ತಕ ಬರೆದವರು ಅಂತ ಯಾರೂ ಕೇಳುವುದಿಲ್ಲ, ಯಾವ ಜಾತಿ, ಯಾರ ಕಡೆಯವರು ಅಂತ ಎಲ್ಲರೂ ಕೇಳ್ತಾರೆ. ಗೌರವ ಡಾಕ್ಟರೇಟ್ ಪಟ್ಟಿ ಮಾತ್ರ ಯಾವತ್ತೂ ತಡ ಆದದ್ದಿಲ್ಲ. ಆ ಪ್ರವೇಶಕ್ಕೆ ದಿನಾಂಕ ವಿಸ್ತರಣೆಯೂ ಬೇಡ.

ಪ್ರಶ್ನೆ: ಮಕ್ಕಳು ಕಡಿಮೆಯಾದ ಕೋರ್ಸುಗಳನ್ನು ನಿಲ್ಲಿಸುವುದು ಸರಿಯಲ್ಲವೇ? ಒಬ್ಬಿಬ್ಬರಿಗಾಗಿ ವಿಭಾಗ ನಡೆಸಲಾದೀತೆ?

ಬೋರ್ಡು: ಖರ್ಚು ನೋಡಿದ್ರೆ ಸರಿ. ಆದ್ರೆ ಯಾವುದು ನಿಲ್ತದೆ ನೋಡಿ. ಬೇರೆ ಯಾರೂ ಕಲಿಸದ್ದೇ ಮೊದಲು ನಿಲ್ಲುವುದು. ನಮ್ಮ ಹಂಪನಕಟ್ಟೆ ಕಾಲೇಜಿನಲ್ಲಿ ತುಳು ಎಂ.ಎ. ಶುರು ಮಾಡಿದ್ದಾರೆ. ಅದನ್ನು ಯಾವ ಡೀಮ್ಡ್‌ನವರು ಮಾಡ್ತಾರೆ ಹೇಳಿ? ಯಕ್ಷಗಾನ ಅಧ್ಯಯನ ಕೇಂದ್ರ ಉಂಟು. ಅದರಲ್ಲಿ ಲಾಭ ಬರುವುದಿಲ್ಲ, ಬರಲೂಬಾರದು. ಲಾಭ ಬರುವುದನ್ನೆಲ್ಲ ದೇರಳಕಟ್ಟೆಯವರೇ ಮಾಡ್ತಾರೆ, ಅದಕ್ಕೆ ಗುಡ್ಡದ ಮೇಲೆ ನಾವು ಯಾಕೆ?

ಪ್ರಶ್ನೆ: ಈಗ ಬರುವವರು ಯಾರು?

ಬೋರ್ಡು: ಹೆಣ್ಣುಮಕ್ಕಳೇ ಹೆಚ್ಚು. ಸುಳ್ಯ, ಬೆಳ್ತಂಗಡಿಯ ಒಳಗಿನಿಂದ ಬರುವವರು. ಅತ್ತ ಕಾಸರಗೋಡಿನಿಂದ ಕನ್ನಡ ಓದ್ಲಿಕ್ಕೆ ಬರುವವರು. ಮನೆಯಲ್ಲಿ ಮೊದಲ ಸಲ ಡಿಗ್ರಿ ದಾಟಿದವರು. ಉತ್ತರ ಕರ್ನಾಟಕದಿಂದ ಬಂದು ಹಾಸ್ಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ನೋಡಿ ಕಣ್ಣೀರು ಹಾಕುವವರು. ಹೆಂಗಸರಿಗೆ ಟಿಕೆಟ್ ಬೇಡ ಅನ್ನುವ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮೂರಿನಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಟಿಕೆಟ್ ಕೊಟ್ಟು ಬರ್ತಾರೆ ಪಾಪ. ದೇರಳಕಟ್ಟೆಯಲ್ಲಿ ಇಳಿಯುವಷ್ಟು ದುಡ್ಡು ಇಲ್ಲದವರು ಕೊಣಾಜೆಯವರೆಗೆ ಬರ್ತಾರೆ. ಅವರಿಗೆ ಇದು ಕೊನೆಯ ಸ್ಟಾಪು. ಇದನ್ನು ಮುಚ್ಚಿದ್ರೆ ಅವರು ಬೇರೆ ಕಡೆ ಹೋಗುವುದಿಲ್ಲ, ಮನೆಗೆ ಹೋಗ್ತಾರೆ.

ಪ್ರಶ್ನೆ: ನಿಮ್ಮ ಮೇಲೆ ಯಾವ ನೋಟೀಸು ಕಾಣುವ ಆಸೆ?

ಬೋರ್ಡು: ಮೂರು ಸಾಕು. ಒಂದು, ‘ಖಾಲಿ ಬೋಧಕ ಹುದ್ದೆಗಳಿಗೆ ಕಾಯಂ ನೇಮಕಾತಿ’. ಎರಡು, ‘ಪಿಂಚಣಿಯ ಹೊರೆ ಸರ್ಕಾರದ್ದು’. ಮೂರನೆಯದ್ದು ನಮ್ಮವರೇ ಹಾಕಬೇಕಾದ್ದು: ‘ಫಲಿತಾಂಶ ಇಂಥ ದಿನ’ ಅಂತ ಬರೆದು, ಅದೇ ದಿನ ಕೊಡುವುದು. ಮೊದಲಿನ ಎರಡಕ್ಕೆ ವಿಧಾನಸೌಧ ಬೇಕು. ಮೂರನೆಯದ್ದಕ್ಕೆ ಒಂದು ಪಿನ್ನು ಸಾಕು.

ಪ್ರಶ್ನೆ: ಓದುಗರಿಗೆ ಏನಾದರೂ ಹೇಳುವುದಿದೆಯೇ?

ಬೋರ್ಡು: ಉಂಟು. ‘ವಿ.ವಿ. ಹಾಳಾಯ್ತು’ ಅಂತ ಎಲ್ಲರೂ ಹೇಳ್ತಾರೆ, ಹೇಳುವವರ ಮಕ್ಕಳು ಇಲ್ಲಿಲ್ಲ. ಮಕ್ಕಳು ಬರುವುದಿಲ್ಲ ಅಂತ ಮೇಷ್ಟ್ರನ್ನು ಕೊಡುವುದಿಲ್ಲ, ಮೇಷ್ಟ್ರಿಲ್ಲ ಅಂತ ಮಕ್ಕಳು ಬರುವುದಿಲ್ಲ. ಇದರಲ್ಲಿ ಒಂದನ್ನು ಮೊದಲು ಸರಿಮಾಡುವ ಅಧಿಕಾರ ಇರುವುದು ಸರ್ಕಾರಕ್ಕೆ ಮಾತ್ರ. ನಿಮ್ಮ ಶಾಸಕರು ಮುಂದಿನ ಸಲ ಯಾವುದಾದರೂ ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದಾಗ, ಶಾಲು ಹೊದಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ಕೊಣಾಜೆಯ ಹುದ್ದೆಗಳನ್ನು ತುಂಬುವುದು ಯಾವಾಗ? ಉತ್ತರದಲ್ಲಿ ದಿನಾಂಕ ಇರಲಿ. ಆ ದಿನಾಂಕವನ್ನು ಮಾತ್ರ ವಿಸ್ತರಿಸಲು ಬಿಡಬೇಡಿ.