ಕಾರ್ಟಾಕ್ಷರಾ: ಅವಿಭಕ್ತ ಬುಟ್ಟಿಯ ದಾಯವಿಚಾರ

ಪೀಠಿಕೆ

ಶಾಸ್ತ್ರಗ್ರಂಥಕ್ಕೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರಬೇಕೆಂಬುದು ಹಿರಿಯರ ನಿಯಮ. ಈ ಗ್ರಂಥಕ್ಕೆ ಅಧಿಕಾರಿ, ಮೊಬೈಲಿಗೆ ಓಟಿಪಿ ಬರುವ ಯಾವನೇ ಗೃಹಸ್ಥ. ವಿಷಯ, ಒಂದೇ ಖಾತೆಯಲ್ಲಿ ಮನೆಮಂದಿಯೆಲ್ಲ ಕೈಹಾಕುವ ಆನ್‌ಲೈನ್ ಕಾರ್ಟ್. ಸಂಬಂಧ, ನಾನು, ನನ್ನ ಹೆಂಡತಿ, ಮಗ, ಮದುವೆಯಾಗಿ ಬೆಂಗಳೂರು ಸೇರಿದ ಮಗಳು. ಪ್ರಯೋಜನ ಇನ್ನೂ ಕಂಡುಬಂದಿಲ್ಲ.

ವ್ಯುತ್ಪತ್ತಿ ಮತ್ತು ಪೂರ್ವೇತಿಹಾಸ

ಅವಿಭಕ್ತ ಕುಟುಂಬದ ಯಜಮಾನನಿಗೆ ಹಿಂದೂ ಕಾನೂನು ‘ಕರ್ತ’ ಎನ್ನುತ್ತದೆ. ‘ಕಾರ್ಟ್’ ಇದರಿಂದಲೇ ಹುಟ್ಟಿತೆಂಬುದು ನನ್ನ ಮತ. ಭಾಷಾಶಾಸ್ತ್ರಜ್ಞರು ಇದನ್ನು ಖಂಡಿಸಿಲ್ಲ. ಅವರನ್ನು ನಾನು ಕೇಳಿಲ್ಲ.

ಚಕ್ರವಿರುವ ಬುಟ್ಟಿಯನ್ನು ಅಂಗಡಿಗೆ ತಂದವನು ಅಮೆರಿಕದ ಒಕ್ಲಹೋಮಾದ ಸಿಲ್ವನ್ ಗೋಲ್ಡ್‌ಮನ್, 1937ರಲ್ಲಿ. ಅದನ್ನು ತಳ್ಳಲು ಗಂಡಸರು ನಾಚಿದರಂತೆ. ಕೊನೆಗೆ ಅವನು ಕೂಲಿ ಕೊಟ್ಟು ಜನರನ್ನಿಟ್ಟು ಅಂಗಡಿಯೊಳಗೆ ತಳ್ಳಿಸಿದ. ಇಂದಿನ ಗಂಡಸಿಗೆ ಆ ಸಂಕೋಚವಿಲ್ಲ. ಅವನು ತಳ್ಳಬೇಕಾಗಿಲ್ಲ, ತೆತ್ತರೆ ಸಾಕು.

ಮೂಲಸಿದ್ಧಾಂತ

ಹಂಚಿಕೊಂಡ ಕಾರ್ಟಿನ ಕಾನೂನು ಬರೆದವನು ನಮ್ಮವನೇ. ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯ (1076–1126) ಆಳುತ್ತಿದ್ದಾಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಅದರ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಪಾಲಾಗುವವರೆಗೆ ಇಷ್ಟು ನನ್ನದು ಎಂದು ಯಾರೂ ಬೆರಳಿಟ್ಟು ತೋರಿಸುವಂತಿಲ್ಲ. ನಮ್ಮ ಕಾರ್ಟಿನ ಮೊತ್ತವೂ ಹೀಗೆಯೇ. ಬೆಳಿಗ್ಗೆ 640 ರೂಪಾಯಿ, ಸಂಜೆ 3,115. ನಡುವೆ ಹೆಡ್‌ಫೋನ್ ಒಂದರ ಜನನವಾಗಿರುತ್ತದೆ.

ಪೂರ್ವಪಕ್ಷ

ಬಂಗಾಳದ ಜೀಮೂತವಾಹನನ ‘ದಾಯಭಾಗ’ ಇದನ್ನು ಒಪ್ಪುವುದಿಲ್ಲ. ಅಲ್ಲಿ ಮಕ್ಕಳ ಹಕ್ಕು ತಂದೆ ಕಾಲವಾದ ಮೇಲೆಯೇ ಶುರು. ಮನಸ್ಸಿಗೆ ಹಿಡಿಸಿದ್ದರಿಂದ ಊಟದ ಹೊತ್ತಿನಲ್ಲಿ ಈ ಮತವನ್ನು ಮಂಡಿಸಿದೆ. ಹೆಂಡತಿ ಸೌಟು ಕೆಳಗಿಟ್ಟು “ಬಿಡ್ತು ಅನ್ನಿ ರೀ” ಎಂದಳು. ಅಂದೆ. ಪೂರ್ವಪಕ್ಷ ಅಲ್ಲಿಗೆ ಬಿತ್ತು.

ಕರ್ತನ ಅಧಿಕಾರ

ಒಟ್ಟುಕುಟುಂಬದ ಸ್ವತ್ತನ್ನು ಒಬ್ಬನೇ ವಿಲೇವಾರಿ ಮಾಡಲು ಮಿತಾಕ್ಷರಾ ಮೂರು ಕಾರಣಗಳನ್ನು ಒಪ್ಪುತ್ತದೆ: ಆಪತ್ತು, ಕುಟುಂಬದ ಅಗತ್ಯ, ಧರ್ಮಕಾರ್ಯ. ತೊಗರಿಬೇಳೆ ಕುಟುಂಬಾರ್ಥ. ಕರ್ಪೂರ, ಊದುಬತ್ತಿ ಧರ್ಮಾರ್ಥ. ಹೆಡ್‌ಫೋನನ್ನು ಮಗ ಆಪತ್ತಿನಡಿ ಸೇರಿಸಿದ್ದ. “ಯಾರಿಗೋ ಆಪತ್ತು?” ಎಂದರೆ, “ನಿಮ್ಮ ಟಿವಿ ಸೌಂಡು ಅಪ್ಪಾ” ಎಂದ. ವಾದ ಬಲವಾಗಿತ್ತು. ನಾಲ್ಕನೆಯ ಕಾರಣವೊಂದು ವಿಜ್ಞಾನೇಶ್ವರನ ಕಣ್ಣಿಗೆ ಬೀಳಲಿಲ್ಲ: ಉಚಿತ ಡೆಲಿವರಿ. ನಲವತ್ತು ರೂಪಾಯಿಯ ಸಾಗಣೆ ಶುಲ್ಕ ಉಳಿಸಲು ನಾವು ನೂರಾ ಎಂಬತ್ತರ ಇಂಗು ಕೊಂಡಿದ್ದೇವೆ. ಈಗ ಮನೆಯಲ್ಲಿ ಏಳು ಇಂಗಿನ ಡಬ್ಬಿಗಳಿವೆ.

ನನ್ನ ಹೆಂಡತಿಯ ಪ್ರೆಷರ್ ಕುಕ್ಕರ್ ಮಾತ್ರ ಮೂರು ವರ್ಷದಿಂದ ‘ಆಮೇಲೆ ಕೊಳ್ಳೋಣ’ ಪಟ್ಟಿಯಲ್ಲಿ ವಾನಪ್ರಸ್ಥ ನಡೆಸುತ್ತಿದೆ. ಹಾಗೆ ಕಳಿಸಿದವಳು ಅವಳೇ. ಕಾನೂನಿನ ಪ್ರಕಾರ ನಾನು ಕರ್ತ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಅವಳ ಬೆರಳಲ್ಲಿದೆ.

ಋಣಪ್ರಕರಣ

ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂದು ಶಾಸ್ತ್ರ. ಕುಡಿತ, ಜೂಜಿನಂಥ ಸಾಲಗಳಿಗೆ ಮಾತ್ರ ವಿನಾಯಿತಿ. ಈ ಧರ್ಮವನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ತೆಗೆದುಹಾಕಿತು. ಕಾರ್ಟಿನಲ್ಲಿ ಅದು ತಲೆಕೆಳಗಾಗಿ ಬದುಕಿದೆ. ಮಗನ ಋಣಕ್ಕೆ ತಂದೆ ಹೊಣೆ, ವಿನಾಯಿತಿ ಇಲ್ಲ.

ಸ್ತ್ರೀದಾಯ

1994ನ್ನು ಇತಿಹಾಸಕಾರರು ಸರಿಯಾಗಿ ಗಮನಿಸಿಲ್ಲ. ಕೊಳ್ಳುವವರು ಬುಟ್ಟಿಗೆ ಏನು ಹಾಕಿದ್ದಾರೆಂದು ಜಾಲತಾಣಕ್ಕೆ ನೆನಪಿರಲೆಂದು ನೆಟ್‌ಸ್ಕೇಪ್‌ನ ಲೂ ಮಾಂಟುಲಿ ‘ಕುಕಿ’ ರೂಪಿಸಿದ್ದು ಅದೇ ವರ್ಷ. ಹೆಣ್ಣುಮಕ್ಕಳೂ ಸಹದಾಯಾದಿಗಳೆಂದು ಕರ್ನಾಟಕ ಕಾಯಿದೆ ತಿದ್ದಿದ್ದೂ ಅದೇ ವರ್ಷ. ಆದರೆ ಅದಕ್ಕೂ ಮುಂಚೆ ಮದುವೆಯಾದವರು ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಆ ಬಾಗಿಲನ್ನೂ ತೆಗೆಯಿತು.

ನಮ್ಮ ಮಗಳು ಮದುವೆಯಾದರೂ ನಮ್ಮ ಖಾತೆಯಿಂದ ಲಾಗ್‌ಔಟ್ ಆಗಿರಲಿಲ್ಲ. ಪಾಲು ಕೇಳುವ ಇಚ್ಛೆಯನ್ನು ಸ್ಪಷ್ಟವಾಗಿ ಸಾರಿದರೆ ವಿಭಾಗವಾದಂತೆ ಎನ್ನುತ್ತಾರೆ ಕಾನೂನು ಬಲ್ಲವರು. “ಹಾಗಾದರೆ ಪಾಸ್‌ವರ್ಡ್ ಬದಲಾಯಿಸಿ, ಅದೇ ಸಾರಿದಂತೆ” ಎಂದು ಮಗ ಸಲಹೆ ಕೊಟ್ಟ. ಹೆಡ್‌ಫೋನ್ ಹಾಕಿಕೊಂಡೇ ಕೊಟ್ಟ.

ಅಷ್ಟರಲ್ಲಿ ಒಂದು ಪ್ರಮಾದವಾಯಿತು. ತನ್ನ ಮನೆಗೆ ಏನನ್ನೋ ತರಿಸಿಕೊಂಡ ಮಗಳು ವಿಳಾಸವನ್ನು ಮರಳಿ ಬದಲಾಯಿಸಿರಲಿಲ್ಲ. ನಾನೂ ನೋಡದೆ ಒತ್ತಿದೆ. ಮೈಸೂರಿಗೆ ಬರಬೇಕಾದ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಬೆಲ್ಲ, ರವೆ ಎಲ್ಲ ಬೆಂಗಳೂರಿನ ನಾಲ್ಕನೇ ಮಹಡಿ ಹತ್ತಿದವು.

“ಅಪ್ಪಾ, ಇದೆಲ್ಲ ಯಾಕೆ ಕಳಿಸಿದ್ರಿ?” ಎಂದು ಫೋನು. ಅವಳ ದನಿ ಯಾಕೋ ಸಣ್ಣಗಾಗಿತ್ತು. ತಪ್ಪಾಯಿತು, ವಾಪಸ್ ಹಾಕು ಎನ್ನಲು ಬಾಯಿ ತೆರೆದೆ. ಹೆಂಡತಿ ಫೋನು ಕಿತ್ತುಕೊಂಡು, “ನಾಡಿದ್ದು ಗೌರಿಹಬ್ಬ ಅಲ್ವೇನೇ? ತವರಿನ ಬಾಗಿನ ಅಂದ್ಕೋ” ಎಂದಳು. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಪಾಸ್‌ವರ್ಡಿನ ಮಾತೂ ಮತ್ತೆ ಬರಲಿಲ್ಲ.

ಉಪಸಂಹಾರ

ಸಂಜೆ ಕಾರ್ಟ್ ತೆರೆದರೆ ಹೊಸದೊಂದು ಸೇರಿತ್ತು: ಬಿದಿರಿನ ಮೊರ, ಸಂಖ್ಯೆ 2. ಸೇರಿಸಿದವರು ಯಾರೆಂದು ಕೇಳಲಿಲ್ಲ. ಮಗ ಕಿವಿಯಿಂದ ಹೆಡ್‌ಫೋನ್ ತೆಗೆದು ನನ್ನನ್ನೇ ನೋಡುತ್ತಿದ್ದ. ಮಿತಾಕ್ಷರಾ ಎಂದರೆ ಅಳೆದು ಆಡಿದ ಮಾತು. ನಾನೂ ಮಾತು ಬೆಳೆಸದೆ ಓಟಿಪಿಯ ಆರು ಅಂಕಿ ಒತ್ತಿದೆ.